ನಾನು ಸ್ವತಂತ್ರಳೆಂದು ಅಪ್ಪ ಬರೆದುಕೊಟ್ಟ ಕಾಗದ

ಡಬ್ಲಿನ್ನಿನ ಕನ್ನಡದ ಮನೆಗಳಲ್ಲಿ ನನ್ನ ಬಗ್ಗೆ ಒಂದು ಕತೆ ಓಡಾಡುತ್ತದೆ. ಕೊರೋನಾ ಕಾಲದಲ್ಲಿ ನಾನು ಅಪ್ಪನ ಜತೆ ಜಗಳವಾಡಿ, ಈ ಮನುಷ್ಯನಿಗೂ ನನಗೂ ಸಂಬಂಧವಿಲ್ಲ ಎಂದು ಸರ್ಕಾರಕ್ಕೆ ಬರೆದುಕೊಟ್ಟು, ಅದರ ಬಲದಿಂದ ವಿದ್ಯಾರ್ಥಿವೇತನ ಗಿಟ್ಟಿಸಿಕೊಂಡು ಐರ್ಲೆಂಡಿನ ಆ ತುದಿಯ ಗಾಲ್ವೇಗೆ ಹೊರಟುಹೋದೆನಂತೆ. ಹೇಳುವವರು ಕೊನೆಗೆ ದನಿ ತಗ್ಗಿಸಿ, "ಇಲ್ಲಿ ಬೆಳೆದ ಮಕ್ಕಳು ನೋಡಿ, ಏನು ಹೇಳೋದು" ಎಂದು ಸೇರಿಸುತ್ತಾರೆ. ಒಬ್ಬರು ಆಂಟಿಯಂತೂ ಯುಗಾದಿಯ ಜೂಮ್ ಭೇಟಿಯಲ್ಲಿ, ಮ್ಯೂಟ್ ಮಾಡಿದ್ದೇನೆ ಅಂದುಕೊಂಡು ಇದನ್ನು ಮೊದಲಿಂದ ಕಡೆಯವರೆಗೆ ಯಾರಿಗೋ ಹೇಳಿದರು. ಅದೇ ಪರದೆಯ ಎರಡನೇ ಸಾಲಿನ ಮೂರನೇ ಚೌಕದಲ್ಲಿ ನಾನು ಒಬ್ಬಟ್ಟು ತಿನ್ನುತ್ತಾ ಕೇಳಿಸಿಕೊಂಡೆ. ಕತೆ ಚೆನ್ನಾಗಿತ್ತು. ಆಧಾರ ಮಾತ್ರ ಇರಲಿಲ್ಲ.

ಒಂದೊಂದಾಗಿ ನೋಡೋಣ. ಜಗಳ ಆಯಿತು ಅನ್ನುತ್ತಾರೆ. ಆದದ್ದು ವಾದ. ನಮ್ಮ ಮನೆಯಲ್ಲಿ ವಾದವೆಂದರೆ ಇಡ್ಲಿ ಪಕ್ಕದ ಚಟ್ನಿ; ಒಂದು ದಿನ ಇಲ್ಲದಿದ್ದರೆ ಯಾರಿಗೋ ಹುಷಾರಿಲ್ಲ ಎಂದು ಅಮ್ಮ ಹಣೆ ಮುಟ್ಟಿ ನೋಡುತ್ತಾಳೆ. ಸಂಬಂಧವಿಲ್ಲ ಎಂದು ಬರೆದುಕೊಟ್ಟೆ ಅನ್ನುತ್ತಾರೆ. ಹಾಗೆಂದು ನಾನು ಬರೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಬರೆದುಕೊಟ್ಟದ್ದೇನೋ ನಿಜ, ಆದರೆ ಬರೆದವರು ಅಪ್ಪ. ಅದೂ ಎರಡು ಸಲ. ಎರಡನೇ ಸಲ ಬರೆದದ್ದು ಏಕೆ ಎಂದು ನನಗೆ ಗೊತ್ತು. ಮೊದಲನೇ ಸಲದ್ದು ಇವತ್ತಿಗೂ ಗೊತ್ತಿಲ್ಲ.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪನ ಕೆಲಸದ ಪರ್ಮಿಟ್ಟಿನ ಬಾಲ ಹಿಡಿದು ಮೈಸೂರಿನಿಂದ ನಾನೂ ಅಮ್ಮನೂ ಇಲ್ಲಿಗೆ ಬಂದೆವು. ಅಪ್ಪನ ಆಫೀಸು ಡಬ್ಲಿನ್ನಿನ ಸ್ಯಾಂಡಿಫರ್ಡ್ ಬಡಾವಣೆಯಲ್ಲಿ, ಮನೆಯೂ ಅಲ್ಲೇ ಹತ್ತಿರ. ತಂಗಿ ಇಲ್ಲೇ ಹುಟ್ಟಿದವಳು. ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಐರಿಶ್ ರಾಗದ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ನನ್ನನ್ನು ಚರ್ಚಾ ತಂಡಕ್ಕೆ ಸೇರಿಸಿದರು. ಅಲ್ಲಿ ಕಲಿಸಿದ ಮೊದಲ ಪಾಠ: ಪದದ ಅರ್ಥವನ್ನು ಯಾರು ಮೊದಲು ಕಟ್ಟಿ ಹಾಕುತ್ತಾರೋ ಅವರು ಅರ್ಧ ಗೆದ್ದ ಹಾಗೆ. ಎರಡನೇ ಪಾಠ: ಎದುರಾಳಿಯ ಮೇಲೆ ಸಿಟ್ಟು ಬಂದರೆ ನೀವು ಸೋತ ಹಾಗೆ. ಮೊದಲನೆಯದನ್ನು ಚೆನ್ನಾಗಿ ಕಲಿತೆ.

ಪದವಿ ಮುಗಿಸಿ ಗಾಲ್ವೇಯಲ್ಲಿ ವೈದ್ಯಕೀಯ ಸಲಕರಣೆ ಮಾಡುವ ಒಂದು ಕಂಪನಿಗೆ ಸೇರಿದೆ. ರಕ್ತನಾಳದೊಳಗೆ ಹೋಗುವ ಕೂದಲೆಳೆಯಂಥ ಕೊಳವೆಗಳನ್ನು ಅಲ್ಲಿ ಮಾಡುತ್ತಾರೆ. ಒಂದೊಂದು ಪೆಟ್ಟಿಗೆ ಕೊಳವೆಯ ಜತೆ ಒಂದು ಕಟ್ಟು ಕಾಗದ ಹೋಗುತ್ತದೆ. ಆ ಕಾಗದ ಓದುವುದು ನನ್ನ ಕೆಲಸ. ಅಲ್ಲಿನ ಕಟ್ಟಳೆ ಒಂದೇ: ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಸಹಿ ಹಾಕದೆ ಯಾವ ಕಾಗದವೂ ಬಾಗಿಲು ದಾಟಬಾರದು. ಎರಡು ವರ್ಷ ನಾನು ಬೇರೆಯವರ ಕಾಗದಗಳಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಂಡೆ. ಇದಕ್ಕಿಂತ ನನ್ನ ಸ್ವಭಾವಕ್ಕೆ ಒಗ್ಗುವ ಕೆಲಸ ಇನ್ನೊಂದಿಲ್ಲ ಎಂದು ಅಮ್ಮ ನೆಂಟರಿಗೆಲ್ಲ ಹೇಳುತ್ತಿದ್ದಳು.

ಗಾಲ್ವೇಯಲ್ಲಿ ಬಾಡಿಗೆ ಮನೆ ಸಿಗುವುದು ಎಂದರೆ ಮದುವೆಗೆ ಗಂಡು ಸಿಗುವುದಕ್ಕಿಂತ ಕಷ್ಟ. ನನಗೆ ಒಬ್ಬ ನಿವೃತ್ತ ನರ್ಸಮ್ಮನ ಮನೆಯಲ್ಲಿ ಮಹಡಿ ಮೇಲಿನ ಒಂದು ಕೋಣೆ ಸಿಕ್ಕಿತು. ಅವರು ಕೆಳಗೆ, ನಾನು ಮೇಲೆ, ಅಡುಗೆಮನೆ ಇಬ್ಬರದೂ. ಕರೆಂಟು, ಗ್ಯಾಸು, ಇಂಟರ್ನೆಟ್ಟು ಎಲ್ಲ ಅವರ ಹೆಸರಿನಲ್ಲಿ. ಆಗ ಅದು ಅನುಕೂಲ ಅನ್ನಿಸಿತ್ತು.

ಆಮೇಲೆ ಕೊರೋನಾ ಬಂತು. ಮೊದಲ ಲಾಕ್‌ಡೌನಿನ ಹೊತ್ತಿಗೆ ಅಮ್ಮ ಫೋನ್ ಮಾಡಿ, "ಹದಿನೈದು ದಿನ ತಾನೆ, ಬಂದುಬಿಡು" ಎಂದಳು. ಆ ಹದಿನೈದು ದಿನ ಆಗಸ್ಟಿನವರೆಗೆ ನಡೆಯಿತು. ಆ ಸಮಯದಲ್ಲಿ ಅಪ್ಪ ನನಗೊಂದು ಉಪಕಾರ ಮಾಡಿದರು. ಗಾಲ್ವೇಗೆ ಹೋದ ಪತ್ರಗಳು ಕಳೆದುಹೋಗಬಾರದು ಎಂದು ನನ್ನ ಬ್ಯಾಂಕು, ಫೋನು, ವಿಮೆ, ತೆರಿಗೆಯ ಕಾಗದ ಎಲ್ಲದರ ವಿಳಾಸವನ್ನೂ ಸ್ಯಾಂಡಿಫರ್ಡಿನ ಮನೆಗೆ ಬದಲಾಯಿಸಿಕೊಟ್ಟರು. ನಾನು ಆಗಸ್ಟಿನಲ್ಲಿ ಗಾಲ್ವೇಗೆ ವಾಪಸ್ಸು ಹೋದೆ. ವಿಳಾಸ ಬರಲಿಲ್ಲ. ಅಪ್ಪ ನನ್ನ ಹೆಸರಿನ ಪ್ಲಾಸ್ಟಿಕ್ ಫೈಲಿನಲ್ಲಿ ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿಡುತ್ತಾ ಹೋದರು.

ಕ್ರಿಸ್ಮಸ್ಸಿಗೆ ಹತ್ತು ದಿನದ ರಜೆಗೆಂದು ಬಂದವಳು ಮತ್ತೆ ಸಿಕ್ಕಿಕೊಂಡೆ. ಜನವರಿಯಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಎಂದಾಯಿತು. ಕಂಪನಿಯವರು ಕಾಗದಗಳನ್ನು ಮನೆಯಿಂದಲೇ ಓದು ಎಂದರು. ಹೀಗಾಗಿ ನನ್ನ ಹಳೆಯ ಕೋಣೆಯಲ್ಲಿ, ಶಾಲೆಯ ಪದಕಗಳ ಕೆಳಗೆ ಕೂತು, ಏಪ್ರಿಲಿನವರೆಗೂ ಕೊಳವೆಗಳ ಬಗ್ಗೆ ಓದಿದೆ. ಆ ಚಳಿಗಾಲದಲ್ಲೇ ಗಾಲ್ವೇಯ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಓದಿಗೆ ಅರ್ಜಿ ಹಾಕಿದ್ದು, ಸೀಟು ಸಿಕ್ಕಿದ್ದು.

ಇಲ್ಲಿ ಓದಿಗೆ ಸರ್ಕಾರದ ನೆರವು ಕೇಳಿದರೆ ಮೊದಲು ನೀವು ಯಾವ ಜಾತಿಯ ವಿದ್ಯಾರ್ಥಿ ಎಂದು ತೀರ್ಮಾನವಾಗಬೇಕು. ನನ್ನಂಥವರ ಮಟ್ಟಿಗೆ ಇರುವುದು ಎರಡೇ ಜಾತಿ: ಅವಲಂಬಿತರು, ಸ್ವತಂತ್ರರು. ಅವಲಂಬಿತರಾದರೆ ತಂದೆತಾಯಿಯ ತೆರಿಗೆ ಕಾಗದ ತರಿಸಿ ಅವರ ಸಂಬಳ ನೋಡುತ್ತಾರೆ. ಅಪ್ಪನ ಸಂಬಳ ನೋಡಿದರೆ ನನ್ನ ಅರ್ಜಿ ಬಾಗಿಲಲ್ಲೇ ವಾಪಸ್ಸು. ಸ್ವತಂತ್ರರಾದರೆ ನಿಮ್ಮದೇ ಸಂಬಳ ನೋಡುತ್ತಾರೆ. ನನ್ನದು ಅವರ ಮಿತಿಯೊಳಗೆ ಕಾಲು ಚಾಚಿ ಮಲಗುವಷ್ಟು ಚಿಕ್ಕದು. ಸ್ವತಂತ್ರರಾಗಲು ವಯಸ್ಸು ಇಪ್ಪತ್ತಮೂರು ದಾಟಿರಬೇಕು, ಹಿಂದಿನ ಅಕ್ಟೋಬರಿನಿಂದ ತಂದೆತಾಯಿಯ ಮನೆಯಲ್ಲಿ ವಾಸವಿರಬಾರದು, ಅದಕ್ಕೆ ದಾಖಲೆ ಬೇಕು.

ಅಪ್ಪನೇ ಫೀಸು ಕಟ್ಟಬಹುದಿತ್ತಲ್ಲ ಎಂದು ಕೇಳಬಹುದು. ಕಟ್ಟುತ್ತಿದ್ದರು. ಕೇಳುವ ಮೊದಲೇ ಕಟ್ಟುತ್ತಿದ್ದರು, ತೊಂದರೆ ಅದೇ. ಅಪ್ಪನ ಫೀಸಿನ ಜತೆ ಅಪ್ಪನ ಅಭಿಪ್ರಾಯವೂ ಬರುತ್ತದೆ, ಮತ್ತು ಅವರ ಅಭಿಪ್ರಾಯ ಮೊದಲ ದಿನದಿಂದ ಸ್ಪಷ್ಟವಾಗಿತ್ತು: ಅದೇ ಓದು ಡಬ್ಲಿನ್ನಿನಲ್ಲೂ ಇದೆ, ಮನೆಯ ಮುಂದೆ ಟ್ರಾಮ್ ಇದೆ, ಬಿಸಿ ಊಟ ಇದೆ, ಗಾಲ್ವೇ ಏಕೆ? ನನ್ನ ಉತ್ತರವೂ ಸ್ಪಷ್ಟವಾಗಿತ್ತು. ಮೊದಲ ಸಂಬಳ ಬಂದ ದಿನದಿಂದ ನಾನು ಅವರ ಮುಂದೆ ಕೈಚಾಚಿರಲಿಲ್ಲ. ಅಲ್ಲಿ ನನ್ನದೊಂದು ಕೋಣೆ ಇತ್ತು, ಶನಿವಾರಗಳ ಕೆಲಸ ಉಳಿಸಿಕೊಡುತ್ತೇವೆ ಎಂದು ಕಂಪನಿ ಒಪ್ಪಿತ್ತು. ಸ್ವತಂತ್ರಳೆಂದು ತೀರ್ಮಾನವಾದರೆ ಗಾಲ್ವೇ. ಇಲ್ಲವಾದರೆ ಪದಕಗಳ ಕೆಳಗಿನ ಆ ಹಳೇ ಕೋಣೆ. ಮಧ್ಯದ ದಾರಿ ಇರಲಿಲ್ಲ.

ಅರ್ಜಿ ತುಂಬಿದ್ದು ಸ್ಯಾಂಡಿಫರ್ಡಿನ ಊಟದ ಮೇಜಿನ ಮೇಲೆ. ಅಂದರೆ, ಯಾವ ಮನೆಯಲ್ಲಿ ವಾಸವಿಲ್ಲ ಎಂದು ಸಾಧಿಸಬೇಕಿತ್ತೋ ಅದೇ ಮನೆಯಲ್ಲಿ ಕೂತು. ಅಪ್ಪ ಇದನ್ನು ಬಿಡುತ್ತಾರೆಯೇ?

"ಸರಿ ಲಾಯರಮ್ಮ, ಹೇಳು. ನಿನ್ನ ವಾಸ ಎಲ್ಲಿ?"

"ಗಾಲ್ವೇ."

"ಈಗ ಎಲ್ಲಿ ಕೂತಿದೀಯ?"

"ಇದು ವಾಸ ಅಲ್ಲ ಅಪ್ಪ, ಸಿಕ್ಕಾಕ್ಕೊಂಡಿರೋದು. ರೈಲು ಕೆಟ್ಟು ಸ್ಟೇಷನ್ನಲ್ಲಿ ಕೂತ್ರೆ ಸ್ಟೇಷನ್ ನಮ್ಮ ಮನೆ ಆಗುತ್ತಾ?"

"ಸ್ಟೇಷನ್ನಲ್ಲಿ ಮೂರು ತಿಂಗಳಿಂದ ಬೆಳಗ್ಗೆ ಬೆಳಗ್ಗೆ ಉಪ್ಪಿಟ್ಟು ಯಾರು ಕೊಡ್ತಾರೆ?"

"ಅತಿಥಿಗಳಿಗೂ ಉಪ್ಪಿಟ್ಟು ಕೊಡ್ತಾರೆ."

ಒಲೆಯ ಹತ್ತಿರದಿಂದ ಅಮ್ಮ ತಿರುಗಿಯೂ ನೋಡದೆ, "ಅತಿಥಿಗಳು ತಿಂದ ತಟ್ಟೆ ಸಿಂಕಲ್ಲಿ ಬಿಟ್ಟು ಎದ್ದೋಗಲ್ಲ ಕಣೇ" ಅಂದಳು.

"ಫೇರ್ ಪ್ಲೇ, ಅಮ್ಮಾ!" ಎಂದು ಐರಿಶ್ ಶಹಬ್ಬಾಸ್ ಕೊಟ್ಟು ತಂಗಿ ಮೇಜು ಕುಟ್ಟಿದಳು. ಅವಳು ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಇಬ್ಬರಿಗೂ ಎರಡೆರಡು ನಿಮಿಷ ಕೊಡುತ್ತಿದ್ದಳು.

ಅಪ್ಪ ಬೆರಳು ಮಡಿಸಲು ಶುರುಮಾಡಿದರು. "ನಿನ್ನ ಫೋನ್ ಯಾರ ಪ್ಲಾನಲ್ಲಿದೆ? ನಂದು. ಕಾರ್ ಇನ್ಶೂರೆನ್ಸ್? ನಂದು. ಲೆಟರ್ ಎಲ್ಲಿ ಬರುತ್ತೆ? ಇಲ್ಲಿಗೆ. ಹಲ್ಲು ನೋವು ಬಂದಾಗ ಮೊದಲು ಯಾರಿಗೆ ಫೋನ್ ಮಾಡ್ದೆ? ಡೆಂಟಿಸ್ಟಿಗಲ್ಲ, ನಿಮ್ಮಮ್ಮನಿಗೆ."

"ಅದೆಲ್ಲ ನಾನು ಬೇಡ ಅಂದ್ರೂ ನೀವೇ ಮಾಡಿದ್ದು. ಸಹಾಯ ಮಾಡಿದೋರು ಜಾಸ್ತಿ ಅಂತ ಅವಲಂಬನೆ ಸಾಬೀತಾಗಲ್ಲ. ಅದು ಇಲ್ಲದಿದ್ರೆ ನಾನು ಬಿದ್ದೋಗ್ತಿದ್ನಾ ಅಂತ ತೋರಿಸ್ಬೇಕು."

"ಟೈಮ್!" ಎಂದಳು ತಂಗಿ.

ಆ ಆನ್‌ಲೈನ್ ಅರ್ಜಿಯಲ್ಲಿ ತಂದೆತಾಯಿಯೊಂದಿಗೆ ಸಂಬಂಧ ಕಡಿದುಕೊಂಡವರಿಗೆಂದು ಒಂದು ಪ್ರತ್ಯೇಕ ಗುಂಡಿ ಇತ್ತು. ಅಮ್ಮ ನನ್ನ ಹೆಗಲ ಮೇಲಿಂದ ಇಣುಕಿ ಅದನ್ನು ಓದಿದಳು. "ಇದೇನೇ ಇದು?"

"ಅದು ನಂಗಲ್ಲ ಅಮ್ಮ. ನಿಜವಾಗ್ಲೂ ಮನೆ ಬಿಟ್ಟೋರಿಗೆ."

"ಕೈ ತಪ್ಪಿ ಒತ್ಬಿಟ್ಟೀಯ."

"ಒತ್ತಲ್ಲ."

ಆ ಪುಟ ಮೇಲೆ ಸರಿದು ಕಣ್ಮರೆಯಾಗುವವರೆಗೂ ಅಮ್ಮ ಸೌಟು ಹಿಡಿದುಕೊಂಡು ನನ್ನ ಬೆನ್ನ ಹಿಂದೆ ನಿಂತಿದ್ದಳು. ಮಾರನೇ ದಿನ ಫೋನಿನಲ್ಲಿ ಯಾರಿಗೋ ಆ ಗುಂಡಿಯ ವಿಷಯ ಹೇಳಿ ನಕ್ಕಳು. ಜೂಮ್ ಆಂಟಿಯ ಕತೆ ಹುಟ್ಟಿದ್ದು ಅಲ್ಲೇ ಎಂಬುದು ನನ್ನ ಅನುಮಾನ. ಅಮ್ಮ ಒಪ್ಪುವುದಿಲ್ಲ.

ಅರ್ಜಿ ಕಳಿಸಿದ ಕೆಲವು ದಿನಕ್ಕೆ ಆ ಕಚೇರಿಯಿಂದ ಆರು ಸಾಲಿನ ಇಮೇಲ್ ಬಂತು. ನಿಮ್ಮ ದಾಖಲೆಗಳೆಲ್ಲ ತಂದೆತಾಯಿಯ ವಿಳಾಸದಲ್ಲೇ ಇವೆ. ಹೀಗಾಗಿ ನೀವು ಬಾಡಿಗೆಗಿರುವ ಮನೆಯ ಒಡತಿಯಿಂದ ಒಂದು ಪತ್ರ, ಮತ್ತು ಯಾವಾಗಿನಿಂದ ನೀವು ತಮ್ಮ ಮನೆಯಲ್ಲಿ ವಾಸವಿಲ್ಲ, ತಮ್ಮ ಪೋಷಣೆಯಲ್ಲಿಲ್ಲ ಎಂದು ತಂದೆ ಅಥವಾ ತಾಯಿಯಿಂದ ಒಂದು ಪತ್ರ ಕಳಿಸಿ ಎಂದಿತ್ತು. ಕೇಳಿದ್ದರಲ್ಲಿ ತಪ್ಪಿಲ್ಲ. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ಇಲ್ಲಿ ಅಪ್ಪನ ಪತ್ರಗಳ ಬಗ್ಗೆ ಹೇಳಬೇಕು. ಈ ದೇಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಅಪ್ಪನ ಅರ್ಧ ಆಯುಷ್ಯ ವೀಸಾ ಕಾಗದಗಳಲ್ಲಿ ಕಳೆಯಿತು. ಅಜ್ಜಿ ನಮ್ಮನ್ನು ನೋಡಲು ಬರಬೇಕಾದರೆ ಅಪ್ಪ ಒಂದು ಪತ್ರ ಬರೆಯಬೇಕಿತ್ತು: ಇವರು ನನ್ನ ತಾಯಿ, ಇವರ ಊಟ, ವಸತಿ, ಔಷಧ ಎಲ್ಲ ನನ್ನ ಹೊಣೆ, ಇವರು ಸರ್ಕಾರಕ್ಕೆ ಎಂದೂ ಹೊರೆಯಾಗುವುದಿಲ್ಲ. ಆ ಪತ್ರ ಒಮ್ಮೆಯೂ ತಿರಸ್ಕಾರವಾಗಲಿಲ್ಲ. ಸುದ್ದಿ ಹರಡಿತು. ಅತ್ತೆಯನ್ನು, ಮಾವನನ್ನು, ಬಾಣಂತನಕ್ಕೆ ಅಮ್ಮನನ್ನು ಕರೆಸಿಕೊಳ್ಳುವವರೆಲ್ಲ ಅಪ್ಪನ ಹತ್ತಿರ ಬಂದು, "ಸಾರ್, ನಿಮ್ಮ ಆ ಫಾರ್ಮ್ಯಾಟ್ ಕಳಿಸ್ತೀರಾ" ಎಂದು ಕೇಳುವಂತಾಯಿತು. ಡಬ್ಲಿನ್ನಿನ ಅರ್ಧ ಕನ್ನಡ ಮನೆಗಳ ಬೀಗರು ಈ ದೇಶದೊಳಗೆ ಕಾಲಿಟ್ಟದ್ದು ಅಪ್ಪನ ಫಾರ್ಮ್ಯಾಟಿನ ಮೇಲೆ. ಸರ್ಕಾರ ಪತ್ರ ಕೇಳಿದರೆ ಏನು ಬರೆಯಬೇಕೆಂದು ನಮ್ಮವರಿಗೆ ಒಂದೇ ತಿಳಿವಳಿಕೆ: ಹೊಣೆ ಹೊರುತ್ತೇನೆ ಎಂದು ಬರೆಯಬೇಕು. ಹೊಣೆ ಹೊರುವುದಿಲ್ಲ ಎಂದು ಬರೆದುಕೊಡಿ ಅಂತ ಯಾವ ಸರ್ಕಾರ ಕೇಳೀತು?

ಆ ಇಮೇಲ್ ಬಂದಾಗ ನಾನು ಆಫೀಸಿನ ಆನ್‌ಲೈನ್ ಮೀಟಿಂಗಿನಲ್ಲಿದ್ದೆ. ಒಂದು ಕಿವಿಯಲ್ಲಿ ಮೀಟಿಂಗು, ಒಂದು ಕೈಯಲ್ಲಿ ಅದನ್ನು ಅಪ್ಪನಿಗೆ ಫಾರ್ವರ್ಡ್ ಮಾಡಿದೆ. "ಅಪ್ಪ, ಇದಕ್ಕೊಂದು ಲೆಟರ್ ಬೇಕು." ಪಕ್ಕದ ಕೋಣೆಯಿಂದಲೇ ಉತ್ತರ ಬಂತು: "ಲೆಟರ್ ತಾನೆ? ಬಿಡು ನಂಗೆ." ಇಪ್ಪತ್ತು ನಿಮಿಷದ ನಂತರ ಬಾಗಿಲಲ್ಲಿ ತಲೆ ಹಾಕಿ, "ಆಯ್ತು, ಅಪ್‌ಲೋಡೂ ಮಾಡ್ಬಿಟ್ಟೆ" ಅಂದರು. ಮನೆಯ ಕಂಪ್ಯೂಟರಿನಲ್ಲಿ ನನ್ನ ಅರ್ಜಿ ತೆರೆದೇ ಇತ್ತು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಎರಡು ವರ್ಷ ಪರರ ಕಾಗದಗಳಿಗೆ ಎರಡನೇ ಸಹಿ ಹಾಕಿದವಳು ನನ್ನ ಜೀವನದ ಕಾಗದವನ್ನು ಓದದೆ ಬಾಗಿಲು ದಾಟಿಸಿದೆ.

ಮೂರು ವಾರಕ್ಕೆ ತೀರ್ಮಾನ ಬಂತು. ವಿದ್ಯಾರ್ಥಿಯ ವರ್ಗ: ಅವಲಂಬಿತ. ಕಾರಣ: ತಂದೆಯವರ ಪತ್ರ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಆ ಪತ್ರವನ್ನು ತೆರೆದೆ. ಇಂಗ್ಲಿಷಿನಲ್ಲಿತ್ತು, ಅದರ ಗಾಂಭೀರ್ಯ ಕನ್ನಡದಲ್ಲಿ ಹೀಗಿದ್ದೀತು: 'ಕೆಳಗೆ ಸಹಿ ಮಾಡಿರುವ ನಾನು ಈ ಮೂಲಕ ದೃಢಪಡಿಸುವುದೇನೆಂದರೆ, ಮೇಲ್ಕಂಡವರು ನನ್ನ ಹಿರಿಯ ಮಗಳು. ಕೆಲಸದ ನಿಮಿತ್ತ ಅವಳು ಗಾಲ್ವೇಯಲ್ಲಿ ತಂಗಿದ್ದರೂ ಅವಳ ಊಟ, ವಸತಿ, ಔಷಧ ಮತ್ತು ಇತರ ಸಮಸ್ತ ವೆಚ್ಚಗಳಿಗೆ ನಾನೇ ಹೊಣೆ. ಅವಳು ಈ ದೇಶದ ಸಾರ್ವಜನಿಕ ನಿಧಿಗೆ ಯಾವ ಕಾಲಕ್ಕೂ ಹೊರೆಯಾಗುವುದಿಲ್ಲವೆಂದು ಭರವಸೆ ಕೊಡುತ್ತೇನೆ.'

ಸಾರ್ವಜನಿಕ ನಿಧಿಯಿಂದ ನೆರವು ಕೇಳುವ ಅರ್ಜಿಯ ಜತೆಗೆ.

ಮೊದಲು ನಕ್ಕಿದ್ದು ಅಮ್ಮ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ತಂಗಿ ಪತ್ರವನ್ನು ಎರಡನೇ ಸಲ ಜೋರಾಗಿ ಓದಿ, "ಹೀ ಸ್ಪಾನ್ಸರ್ಡ್ ಯೂ! ಲೈಕ್ ಅಜ್ಜಿ!" ಎಂದು ನೆಲದ ಮೇಲೆ ಕೂತುಬಿಟ್ಟಳು. ನನಗೆ ನಗು ಬರಲಿಲ್ಲ.

"ಅಪ್ಪ, ಅವರು ಕೇಳಿದ್ದು ನಾನು ನಿಮ್ಮ ಪೋಷಣೇಲಿ ಇಲ್ಲ ಅಂತ ಬರೆಯೋಕೆ."

"ನಾನು ಬರೆದಿದ್ರಲ್ಲಿ ಸುಳ್ಳೇನಿದೆ? ನಾಳೆ ನಿಂಗೆ ಏನಾದ್ರೂ ಆದ್ರೆ ಹೊಣೆ ಯಾರು, ಪಕ್ಕದ ಮನೆಯವರಾ?"

"ಸುಳ್ಳಿದೆ ಅಂತ ನಾನಂದ್ನಾ? ಪ್ರಶ್ನೆ ಬೇರೆ, ಉತ್ತರ ಬೇರೆ ಅಂತಿದೀನಿ."

"ಉತ್ತರ ಸರಿಯಾಗಿದ್ರೆ ಪ್ರಶ್ನೇನೇ ತಪ್ಪು."

ಚರ್ಚಾ ಸ್ಪರ್ಧೆಯಲ್ಲಿ ಯಾರಾದರೂ ಹೀಗೆಂದಿದ್ದರೆ ತೀರ್ಪುಗಾರರು ಅವರ ಅಂಕ ಕಳೆಯುತ್ತಿದ್ದರು. ನಮ್ಮ ತೀರ್ಪುಗಾರ್ತಿ ನೆಲದ ಮೇಲೆ ಹೊರಳಾಡುತ್ತಿದ್ದಳು. ನನಗೆ ಸಿಟ್ಟು ಬಂತು, ಅಂದರೆ ಶಾಲೆಯ ಎರಡನೇ ಪಾಠದ ಪ್ರಕಾರ ಆ ದಿನ ನಾನು ಸೋತೆ. ಅಪ್ಪ ಮೆತ್ತನೆಯ ದನಿಯಲ್ಲಿ, "ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀಯ? ಫೀಸು ನಾನು ಕಟ್ತೀನಿ. ಇಲ್ಲೇ ಓದು" ಅಂದರು. ಆ ಮಾತು ಬಂದ ವೇಗವನ್ನು ನಾನು ಆಗ ಗಮನಿಸಲಿಲ್ಲ.

ಮೇಲ್ಮನವಿಗೆ ಒಂದು ತಿಂಗಳು ಇತ್ತು. ಅಷ್ಟರಲ್ಲಿ ಕಂಪನಿ ನಮ್ಮನ್ನು ಫ್ಯಾಕ್ಟರಿಗೇ ವಾಪಸ್ಸು ಕರೆಯಿತು. ನಾನು ಗಾಲ್ವೇಗೆ ಹೋಗಿ ಎರಡು ದಿನ ಕೂತು ಮೇಲ್ಮನವಿ ಬರೆದೆ. ಆರು ಪುಟ. ಅವಲಂಬನೆ ಎಂದರೇನು ಎಂಬ ವ್ಯಾಖ್ಯಾನದಿಂದ ಶುರು. ಮಹಾಮಾರಿಯ ಕಾಲದಲ್ಲಿ ದೇಹ ಎಲ್ಲಿದೆ ಅನ್ನುವುದರಿಂದ ವಾಸ ಎಲ್ಲಿದೆ ಎಂದು ಹೇಳಲಾಗದು ಎಂಬಲ್ಲಿ ಮುಕ್ತಾಯ. ಬರೆದವಳಿಗೇ ಮೈ ಜುಮ್ಮೆನ್ನುವಂತಿತ್ತು. ಈ ಸಲ ಬುದ್ಧಿ ಬಂದಿತ್ತು, ಎರಡನೇ ಓದಿಗೆ ನರ್ಸಮ್ಮನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಟೀ ಆರುವವರೆಗೆ ಓದಿದರು.

"ಬಹಳ ಚೆನ್ನಾಗಿದೆ," ಅಂದರು. "ಆದ್ರೆ ಅಕ್ಟೋಬರಲ್ಲಿ ನೀನು ಎಲ್ಲಿದ್ದೆ ಅಂತ ಇದರಲ್ಲಿ ಎಲ್ಲೂ ಇಲ್ವಲ್ಲ?"

ಇರಲಿಲ್ಲ. ಆರು ಪುಟದಲ್ಲಿ ಇರಲಿಲ್ಲ.

ಅವರೇ ಒಂದು ಹಾಳೆ ತೆಗೆದುಕೊಂಡು, ಆಸ್ಪತ್ರೆಯಲ್ಲಿ ರೋಗಿಯ ವರದಿ ಬರೆಯುವ ಕೈಬರಹದಲ್ಲಿ ಬರೆದರು: ಈ ಹುಡುಗಿ ಕಳೆದ ಆಗಸ್ಟಿನಲ್ಲಿ ವಾಪಸ್ಸು ಬಂದಾಗಿನಿಂದ ನನ್ನ ಮನೆಯಲ್ಲಿದ್ದಾಳೆ, ಪ್ರತಿ ತಿಂಗಳು ಬಾಡಿಗೆ ಕೊಡುತ್ತಾಳೆ, ಮಂಗಳವಾರ ಕಸದ ಡಬ್ಬಿ ಹೊರಗಿಡುತ್ತಾಳೆ, ಅಕ್ಟೋಬರಿನಲ್ಲಿ ನನಗೆ ಸೊಂಟ ಹಿಡಿದಾಗ ಅಂಗಡಿಗೆ ಹೋಗಿಬಂದವಳು ಇವಳೇ. "ಅಲ್ಲದೆ," ಎಂದು ಪೆನ್ನು ಎತ್ತಿ ಕೇಳಿದರು, "ಆ ದಿನಗಳಲ್ಲಿ ಕೆಲಸಕ್ಕೆ ಹೋಗೋವಾಗ ರಸ್ತೆಯಲ್ಲಿ ಪೊಲೀಸರಿಗೆ ತೋರಿಸೋಕೆ ಒಂದು ಕಾಗದ ಇಟ್ಕೋತಿದ್ಯಲ್ಲ, ಅದೆಲ್ಲಿ?"

ಕಾರಿನ ಡಬ್ಬಿಯಲ್ಲಿತ್ತು. ಎರಡನೇ ಲಾಕ್‌ಡೌನಿನಲ್ಲಿ ಇವರು ಕೆಲಸಕ್ಕೆ ಓಡಾಡಲೇಬೇಕಾದವರು ಎಂದು ಕಂಪನಿ ಕೊಟ್ಟಿದ್ದ ಪತ್ರ. ಅಕ್ಟೋಬರಿನ ತಾರೀಖು, ನನ್ನ ಹೆಸರು, ಗಾಲ್ವೇಯ ಮನೆಯ ವಿಳಾಸ. ಚಾಕೊಲೇಟ್ ಕಲೆ ಬಿಟ್ಟರೆ ಅಪ್ಪಟ ದಾಖಲೆ. ಆರು ಪುಟವನ್ನು ಒಂದಕ್ಕೆ ಇಳಿಸಿದೆ; ಮುಕ್ಕಾಲು ಪಾಲು ನರ್ಸಮ್ಮನೇ ಹೊಡೆದು ಹಾಕಿದರು.

ಇನ್ನು ಉಳಿದದ್ದು ಅಪ್ಪನ ಎರಡನೇ ಪತ್ರ. ಮೊದಲಿನದನ್ನು ಅವರೇ ಹಿಂದಕ್ಕೆ ತೆಗೆದುಕೊಳ್ಳದಿದ್ದರೆ ಉಳಿದ ಕಾಗದವೆಲ್ಲ ನೀರಲ್ಲಿ ಹೋಮ. ವಾಟ್ಸಾಪಿನಲ್ಲಿ ಕರಡುಗಳು ಬರತೊಡಗಿದವು. ಮೊದಲ ಕರಡು ಚೆನ್ನಾಗಿ ಶುರುವಾಗಿ ಕೊನೆಯಲ್ಲಿ, 'ಆದಾಗ್ಯೂ ಯಾವುದೇ ಸಂದರ್ಭದಲ್ಲಿ ಅವಳ ಬೆನ್ನಿಗೆ ನಾನಿದ್ದೇನೆ' ಎಂದು ಮುಗಿಯಿತು. ಹೊಡೆದೆ. ಎರಡನೆಯದರಲ್ಲಿ ಆ ಸಾಲು ಮಧ್ಯಕ್ಕೆ ಬಂದು ಅಡಗಿ ಕೂತಿತ್ತು. ಅದನ್ನೂ ಹೊಡೆದು ವಿಡಿಯೋ ಕಾಲ್ ಮಾಡಿದೆ.

"ಅಪ್ಪ, 'ಆದಾಗ್ಯೂ' ಬೇಡ."

"ಒಂದು ಸಾಲು ಇರ್ಲಿ ಕಣೇ. ನಮ್ಮ ಸಮಾಧಾನಕ್ಕೆ."

"ಅವರು ನಿಮ್ಮ ಸಮಾಧಾನ ಕೇಳಿಲ್ಲ."

"ಕೇಳ್ಬೇಕಿತ್ತು," ಅಂದರು ಅಪ್ಪ.

ಹಿಂದಿನಿಂದ ಅಮ್ಮನ ದನಿ: "ರೀ, ಅವಳು ಹೇಳಿದ್ದು ಬರೆದುಕೊಟ್ಟು ಊಟಕ್ಕೆ ಬನ್ನಿ. ಕಾಗದದಲ್ಲಿ ಇಲ್ಲ ಅಂದ ಮಾತ್ರಕ್ಕೆ ಮಗಳು ಕರಗಿಹೋಗ್ತಾಳಾ?"

ಮೂರನೇ ಕರಡು ಬರಲೇ ಇಲ್ಲ. ಕೇಳಿದರೆ "ಬರೀತಿದೀನಿ" ಎಂಬ ಉತ್ತರ. ಹನ್ನೊಂದು ದಿನ ಉಳಿದಿತ್ತು, ಆಮೇಲೆ ಎಂಟು, ಆಮೇಲೆ ಆರು. ಅಷ್ಟು ಹೊತ್ತಿಗೆ ಒಂದು ಕೌಂಟಿಯಿಂದ, ಅಂದರೆ ಇಲ್ಲಿನ ಜಿಲ್ಲೆಯಿಂದ, ಇನ್ನೊಂದಕ್ಕೆ ಓಡಾಡಬಹುದು ಎಂದು ಘೋಷಣೆಯಾಯಿತು. ಬಿಟ್ಟ ಮೊದಲ ಶನಿವಾರವೇ ಅಪ್ಪನ ಕಾರು ನಮ್ಮ ಗೇಟಿನ ಮುಂದೆ ನಿಂತಿತ್ತು. ಒಬ್ಬರೇ ಬಂದಿದ್ದರು. ಡಿಕ್ಕಿಯಲ್ಲಿ ಸೋನಾ ಮಸೂರಿ ಮೂಟೆ, ಹುಳಿಪುಡಿ, ಒಂದು ಹೊಸ ಕುಕ್ಕರು, ನನ್ನ ಹೆಸರಿನ ಪ್ಲಾಸ್ಟಿಕ್ ಫೈಲು.

ನರ್ಸಮ್ಮ ಕಿಟಕಿಗಳನ್ನೆಲ್ಲ ತೆರೆದು, ಮೇಜಿನ ಆ ತುದಿಗೆ ಅವರನ್ನು, ಈ ತುದಿಗೆ ತಮ್ಮನ್ನು ಕೂರಿಸಿಕೊಂಡು ಟೀ ಕೊಟ್ಟರು. ಅಪ್ಪ ಮಾಸ್ಕ್ ಇಳಿಸಿ ಒಂದು ಗುಟುಕು ಕುಡಿದು, ಮಾಸ್ಕ್ ಏರಿಸಿ ಒಂದು ಪ್ರಶ್ನೆ ಕೇಳುತ್ತಿದ್ದರು. ಇವಳು ಸರಿಯಾಗಿ ಊಟ ಮಾಡುತ್ತಾಳಾ? ಮನೆಗೆ ಎಷ್ಟು ಹೊತ್ತಿಗೆ ಬರುತ್ತಾಳೆ? ಹೀಟರು ಕೆಲಸ ಮಾಡುತ್ತದಾ? ನರ್ಸಮ್ಮ ಎಲ್ಲದಕ್ಕೂ ಉತ್ತರ ಕೊಟ್ಟು, "ಭಾನುವಾರ ನನಗೂ ಅವಳೇ ಅಡುಗೆ ಮಾಡ್ತಾಳೆ. ಖಾರ ಸ್ವಲ್ಪ ಜಾಸ್ತಿ. ಅವಳು ಗ್ರ್ಯಾಂಡ್, ಚೆನ್ನಾಗೇ ಇದಾಳೆ" ಅಂದರು.

"ಅಡುಗೆ? ಇವಳು?" ಅಪ್ಪ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಏನ್ ಮಾಡ್ತೀಯ?"

"ಬಿಸಿಬೇಳೆಬಾತ್."

"ನಮಗೆ ಒಂದಿನಾನೂ ಮಾಡ್ಲಿಲ್ವಲ್ಲೇ!"

"ನಿಮ್ಮನೇಲಿ ಯಾರು ಬಿಡ್ತಾರೆ?"

ನಿಮ್ಮನೆ ಎಂದು ನನ್ನ ಬಾಯಿಂದ ತಾನಾಗಿ ಬಂತು. ಆರು ಪುಟದ ವಾದದಲ್ಲಿ ಅಷ್ಟು ತೂಕದ ಪದ ನನಗೆ ಸಿಕ್ಕಿರಲಿಲ್ಲ. ಅಪ್ಪ ಟೀ ಕಪ್ಪು ಕೆಳಗಿಟ್ಟರು. ಆಮೇಲೆ ಮಹಡಿಗೆ ಹೋಗಿ ನನ್ನ ಕೋಣೆ ನೋಡಿಕೊಂಡು ಬಂದರು. ಕಿಟಕಿಯ ಚಿಲಕ ಸಡಿಲವಾಗಿದೆ ಎಂದು ಹೇಳಿ, ಕಾರಿನಿಂದ ಸ್ಕ್ರೂಡ್ರೈವರ್ ತಂದು ಬಿಗಿ ಮಾಡಿದರು. ಕೆಳಗಿಳಿದು ಕೂತು ಪೆನ್ನು ಕೇಳಿದರು.

ಕೈಯಲ್ಲೇ ಬರೆದರು. ಫಾರ್ಮ್ಯಾಟ್ ಇರಲಿಲ್ಲ, 'ಈ ಮೂಲಕ' ಇರಲಿಲ್ಲ, 'ಆದಾಗ್ಯೂ' ಇರಲಿಲ್ಲ. 'ನನ್ನ ಮಗಳು ಕಳೆದ ಆಗಸ್ಟಿನಿಂದ ಈ ವಿಳಾಸದಲ್ಲಿ ವಾಸವಾಗಿದ್ದಾಳೆ. ತನ್ನ ಖರ್ಚನ್ನು ತಾನೇ ನೋಡಿಕೊಳ್ಳುತ್ತಾಳೆ. ನನ್ನ ಹಿಂದಿನ ಪತ್ರವನ್ನು ಹಿಂಪಡೆಯುತ್ತೇನೆ.' ಸಹಿ ಹಾಕಿ ನನ್ನ ಮುಂದೆ ತಳ್ಳಿದರು. "ಓದು. ಓದದೆ ಕಳಿಸಬೇಡ." ನಾನು ಎರಡು ಸಲ ಓದಿದೆ. ನರ್ಸಮ್ಮ ಮೂರನೇ ಸಲ ಓದಿ ತಲೆಯಾಡಿಸಿದರು. ಅಪ್ಪ ಫೈಲು ತೆಗೆದು ಅದರ ಮೇಲಿದ್ದ ಸ್ಯಾಂಡಿಫರ್ಡ್ ವಿಳಾಸದ ಚೀಟಿಯನ್ನು ಉಗುರಿನಿಂದ ಕಿತ್ತು, ಫೈಲನ್ನು ನನ್ನ ಕೈಗೆ ಕೊಟ್ಟರು.

ಜೂನಿನಲ್ಲಿ ಹೊಸ ತೀರ್ಮಾನ ಬಂತು. ವಿದ್ಯಾರ್ಥಿಯ ವರ್ಗ: ಸ್ವತಂತ್ರ. ನಾನು ಅಡುಗೆಮನೆಯಲ್ಲಿ ಕುಣಿದೆ. ನರ್ಸಮ್ಮ ಸೊಂಟದ ನೆಪ ಹೇಳಿ ಕೂತಲ್ಲೇ ಚಪ್ಪಾಳೆ ತಟ್ಟಿದರು. ಮನೆಗೆ ಫೋನ್ ಮಾಡಿದೆ. ಅಮ್ಮ, "ಒಳ್ಳೇದಾಯ್ತು. ತಟ್ಟೆ ತೊಳಿ" ಅಂದಳು.

ಆ ಸಂಜೆ ಪಾತ್ರೆ ತೊಳೆಯುತ್ತಾ ಇಡೀ ಪ್ರಕರಣವನ್ನು ಮೊದಲಿಂದ ಓದಿಕೊಂಡೆ. ಚರ್ಚೆ ಕಲಿತವರ ಕೆಟ್ಟ ಚಾಳಿ ಇದು. ಗೆದ್ದ ಮೇಲೂ ಎದುರಾಳಿಯ ಟಿಪ್ಪಣಿ ನೋಡುತ್ತೇವೆ. ಅಪ್ಪನ ಮೊದಲ ಪತ್ರ ಅಭ್ಯಾಸಬಲದ ತಪ್ಪು ಎಂದು ಎಲ್ಲರೂ ನಕ್ಕೆವು, ನಂಬಿದೆವು. ನಂಬಲು ಕಾರಣವೂ ಇದೆ: ಹದಿನೈದು ವರ್ಷದಿಂದ ಒಂದೇ ಪತ್ರ ಬರೆದ ಕೈ ಇನ್ನೊಂದನ್ನು ಹೇಗೆ ಬರೆದೀತು? ಆದರೆ ಇವರು ಟೋಸ್ಟರಿನ ಜತೆ ಬಂದ ಪುಸ್ತಿಕೆಯನ್ನು ಹನ್ನೆರಡು ಪುಟವೂ ಓದಿ ಆಮೇಲೆ ಪ್ಲಗ್ ಹಾಕುವ ಮನುಷ್ಯ. ಕಚೇರಿಯ ಇಮೇಲ್ ಆರೇ ಸಾಲು. ಆ ಪತ್ರದಲ್ಲಿ 'ಕೆಲಸದ ನಿಮಿತ್ತ ಗಾಲ್ವೇಯಲ್ಲಿ ತಂಗಿದ್ದರೂ' ಎಂಬ ತುಂಡು ಇದೆ. ಅಜ್ಜಿಯ ಫಾರ್ಮ್ಯಾಟಿನಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ಯಾರೋ ಯೋಚಿಸಿ ಸೇರಿಸಿದ್ದಾರೆ. ಫೀಸು ನಾನು ಕಟ್ಟುತ್ತೇನೆ ಎಂಬ ಮಾತಂತೂ ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ಮತ್ತೆ ಫೋನ್ ಮಾಡಿ ಅಮ್ಮನನ್ನು ಕೇಳಿದರೆ, "ನನ್ನನ್ನ ಎಳೀಬೇಡ, ಅವರನ್ನೇ ಕೇಳು" ಅಂದಳು.

ಅಷ್ಟರಲ್ಲಿ ಅಪ್ಪನದೇ ಫೋನ್ ಬಂತು. ದನಿ ಹಬ್ಬದ ಹಾಗಿತ್ತು.

"ನೋಡಿದ್ಯಾ ಲಾಯರಮ್ಮ, ಕೊನೆಗೂ ನನ್ನ ಲೆಟರೇ ಕೆಲಸ ಮಾಡ್ತು!"

"ಮಾಡ್ತು ಅಪ್ಪ. ಒಂದು ಕೇಳ್ತೀನಿ, ಬಯ್ಕೋಬೇಡಿ. ಮೊದಲನೇ ಲೆಟರ್ ಬರೆಯೋಕ್ಕೆ ಮುಂಚೆ ಆ ಇಮೇಲ್ ಪೂರ್ತಿ ಓದಿದ್ರಿ, ಅಲ್ವಾ?"

"ಆ ಕಿಟಕಿ ಚಿಲಕ ಮತ್ತೆ ಸಡಿಲ ಆಗಿಲ್ಲ ತಾನೆ?" ಅಂದರು ಅಪ್ಪ.